ಹಳೆಯ ಕಿಟಕಿಗೆ ಏರೋಜೆಲ್ ಒಳಹಲಗೆ: ನನ್ನ ಅನುಭವ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹಳೆಯ ಮನೆಗಳ ದುರಸ್ತಿ ನನ್ನ ಕಸುಬು. ಇಲ್ಲಿನ ವಿಕ್ಟೋರಿಯಾ ಕಾಲದ ಸಾಲುಮನೆಗಳಲ್ಲಿ ಒಂಟಿ ಗಾಜಿನ, ಮೇಲೆ ಕೆಳಗೆ ಜಾರುವ ಮರದ ಕಿಟಕಿಗಳು ಇನ್ನೂ ಉಳಿದಿವೆ. ಸಂರಕ್ಷಿತ ಪಟ್ಟಿಯಲ್ಲಿರುವ ಮನೆಯಾದರೆ ಅವನ್ನು ಕಿತ್ತುಹಾಕಲು ಅನುಮತಿ ಸಿಗುವುದು ಕಷ್ಟ. ಸಿಕ್ಕರೂ ಅಷ್ಟು ಗಟ್ಟಿ ಮರವನ್ನು ಕಸಕ್ಕೆ ಹಾಕಲು ನನಗೆ ಮನಸ್ಸು ಬಾರದು. ಅದಕ್ಕೇ ಗಾಜಿನ ಒಳಮಗ್ಗುಲಿಗೆ, ಏರೋಜೆಲ್ ಎಂಬ ಶಾಖ ತಡೆಯುವ ಹಗುರ ಕಣಗಳನ್ನು ತುಂಬಿದ ಪ್ಲಾಸ್ಟಿಕ್ ಹಲಗೆ ಕೂರಿಸುತ್ತೇನೆ.

ಸಿಲಿಕಾ ಏರೋಜೆಲ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬರೀ ಗಾಳಿ. ಆ ಗಾಳಿ ಸೆರೆಯಾಗಿರುವ ರಂಧ್ರಗಳು ಎಷ್ಟು ಸಣ್ಣವೆಂದರೆ, ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಶಾಖ ದಾಟಿಸುವ ಮೊದಲೇ ರಂಧ್ರದ ಗೋಡೆಗೆ ತಾಗುತ್ತವೆ. ಹಾಗಾಗಿ ಅದು ನಿಶ್ಚಲ ಗಾಳಿಗಿಂತಲೂ ಚೆನ್ನಾಗಿ ಶಾಖವನ್ನು ತಡೆಯುತ್ತದೆ. ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದರೆ ಒಂಟಿ ಗಾಜಿನ ಪ್ರತಿ ಚದರ ಮೀಟರಿನಿಂದ ಸುಮಾರು 5.5 ವ್ಯಾಟ್ ಶಾಖ ಸೋರುತ್ತದೆ. 10 ಮಿಲಿಮೀಟರ್ ಏರೋಜೆಲ್ ಸೇರಿಸಿದರೆ ಲೆಕ್ಕದ ಪ್ರಕಾರ ಅದು 1.4ರ ಆಸುಪಾಸಿಗೆ ಇಳಿಯಬೇಕು. ಆದರೆ ಹಲಗೆಯ ಒಳಗೋಡೆಗಳೂ ಮರದ ಅಂಚೂ ಶಾಖ ಸಾಗಿಸುತ್ತವೆ. ಮನೆಯವರಿಗೆ ನಾನು ಹೇಳುವ ಅಂಕಿ 2. ಅಷ್ಟೇ ದಕ್ಕಿದರೂ ಸೋರಿಕೆ ಅರ್ಧಕ್ಕಿಂತ ಕಡಿಮೆಯಾದಂತೆ.

ಕೈಕೆಲಸದಲ್ಲಿ ತಾಳ್ಮೆ ಬೇಡುವುದು ತುಂಬುವ ಹಂತ. ಉದ್ದಕ್ಕೂ ಕೊಳವೆಗಳಿರುವ ಪಾಲಿಕಾರ್ಬೊನೇಟ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಗರಗಸದ ಪುಡಿಯನ್ನೆಲ್ಲ ಊದಿ ತೆಗೆದು, ಕೆಳಬಾಯಿಗೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿ ನೆಟ್ಟಗೆ ನಿಲ್ಲಿಸುತ್ತೇನೆ. ಕಣಗಳು ನೋಡಲು ಸಬ್ಬಕ್ಕಿಯಂತಿವೆ, ತೂಕವೇ ಇಲ್ಲವೆನ್ನಿಸುತ್ತದೆ. ಸ್ಥಿರ ವಿದ್ಯುತ್ತಿನಿಂದ ಕೊಳವೆಯ ಬಾಯಿಗೆ, ಆಲಿಕೆಗೆ, ತೋಳಿಗೆ ಅಂಟಿಕೊಳ್ಳುತ್ತವೆ. ಬೆರಳ ಗೆಣ್ಣಿನಿಂದ ಹಾಳೆಯನ್ನು ತಟ್ಟುತ್ತ ಸ್ವಲ್ಪಸ್ವಲ್ಪವೇ ಸುರಿಯಬೇಕು. ರಾತ್ರಿ ಹಾಗೆಯೇ ಬಿಟ್ಟರೆ ಬೆಳಿಗ್ಗೆ ಕಣಗಳು ಕುಸಿದು ಮೇಲ್ತುದಿಯಲ್ಲಿ ಖಾಲಿ ಜಾಗ ಕಾಣುತ್ತದೆ. ಅದನ್ನು ತುಂಬಿದ ಮೇಲೆಯೇ ಬಾಯಿ ಮುಚ್ಚುವುದು. ಇದರ ಧೂಳು ಚರ್ಮದ ಪಸೆಯನ್ನು ಹೀರುತ್ತದೆ, ಗಂಟಲನ್ನು ಕೆರಳಿಸುತ್ತದೆ. ಕೈಗವಸು, ಮುಖಗವಸು ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಕೂರಿಸುವುದಿಲ್ಲ.

ಇಷ್ಟಾದರೂ ಗೆಲುವು ಸೋಲು ನಿರ್ಧಾರವಾಗುವುದು ಅಂಚಿನಲ್ಲಿ. ಒಳಹಲಗೆ ಬಂದ ಮೇಲೆ ಕೋಣೆಯ ಬಿಸಿ ಹಳೆಯ ಗಾಜಿಗೆ ತಲುಪುವುದಿಲ್ಲ. ಅದು ಮೊದಲಿಗಿಂತ ಹೆಚ್ಚು ತಣ್ಣಗಾಗುತ್ತದೆ. ಅಡುಗೆಯ, ಸ್ನಾನದ ಆವಿ ಸಂದಿಯಿಂದ ನುಸುಳಿದರೆ ಆ ಗಾಜಿನ ಮೇಲೆ ನೀರಾಗಿ ಇಳಿದು ಕೆಳಗಿನ ಮರವನ್ನು ಕೊಳೆಸುತ್ತದೆ. ಆದ್ದರಿಂದ ಒಳಬದಿಯಲ್ಲಿ ಸುತ್ತಲೂ ಗಾಳಿಯಾಡದ ರಬ್ಬರ್ ಪಟ್ಟಿ ಹಾಕುತ್ತೇನೆ. ಹೊರಗಿನ ಹಳೆಯ ಚೌಕಟ್ಟಿನ ಸಣ್ಣ ಬಿರುಕುಗಳನ್ನು ಬೇಕೆಂದೇ ಮುಚ್ಚುವುದಿಲ್ಲ, ಒಳಗೆ ಸಿಕ್ಕ ತೇವಕ್ಕೆ ದಾರಿ ಬೇಕು. ಹಲಗೆಯನ್ನು ಆಯಸ್ಕಾಂತದ ಪಟ್ಟಿಯಿಂದ ನಿಲ್ಲಿಸಿದರೆ ಬೇಕಾದಾಗ ತೆಗೆದು ಒರೆಸಬಹುದು.

ಈ ಹಲಗೆಯ ಮೂಲಕ ಬೆಳಕು ಹರಡಿ ಮೆತ್ತಗೆ ಬರುತ್ತದೆ, ಹೊರಗಿನ ನೋಟ ಮಾತ್ರ ಕಾಣುವುದಿಲ್ಲ. ಮೆಟ್ಟಿಲ ಪಕ್ಕದ ಉತ್ತರದ ಕಿಟಕಿಗೆ, ಬಚ್ಚಲಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ದಿನವಿಡೀ ಬೀದಿ ನೋಡುತ್ತ ಕೂರುವ ವೃದ್ಧರ ಕೋಣೆಗೆ ಇದನ್ನು ಹಾಕಿ ಎಂದು ಯಾರಾದರೂ ಕೇಳಿದರೆ ಖಡಾಖಂಡಿತವಾಗಿ ಬೇಡವೆನ್ನುತ್ತೇನೆ. ಅಲ್ಲಿಗೆ ಸಾದಾ ಎರಡನೆಯ ಗಾಜೇ ಸರಿ. ಬೆಂಕಿ ಬಿದ್ದಾಗ ಹೊರಗೆ ಹಾರಬೇಕಾದ ಕಿಟಕಿಗೂ ಇದು ಸಲ್ಲದು. ಬೆಂಗಳೂರಿನ ಗೆಳೆಯರು ತಮ್ಮ ಮನೆಗೂ ಆದೀತೇ ಎಂದು ವಿಚಾರಿಸುತ್ತಾರೆ. ಅಲ್ಲಿ ತಡೆಯಬೇಕಾದದ್ದು ಚಳಿಯನ್ನಲ್ಲ, ಬಿಸಿಲನ್ನು. ಅದೇ ದುಡ್ಡಿನಲ್ಲಿ ಕಿಟಕಿಗೆ ಅಗಲವಾದ ಸಜ್ಜಾ ಹಾಕಿಸಿ ಎನ್ನುತ್ತೇನೆ.