ಹಂಚಿನ ಮಾಡು ಸೋರ್ತಿದ್ರೆ ಮೊದಲು ಇದನ್ನ ನೋಡಿ
ನೀರು ಎಲ್ಲಿ ತೊಟ್ಟಿಕ್ತದೋ ಅದರ ನೇರಕ್ಕೇ ಹಂಚು ಒಡೆದಿರುತ್ತೆ ಅಂತ ಅಂದ್ಕೋಬೇಡಿ, ನೀರು ಪಕಾಸಿನ (ಮಾಡಿನ ಇಳಿಜಾರಿಗೆ ಹಾಕಿರೋ ಉದ್ದ ಮರ) ಗುಂಟ ಇಳಿದು ಬಂದು ಎಲ್ಲೋ ಕೆಳಗೆ ಬೀಳುತ್ತೆ, ಹಾಗಾಗಿ ಮೇಲಕ್ಕೆ ಹುಡುಕ್ತಾ ಹೋಗಿ. ಬಿಸಿಲಿರೋವಾಗ ಒಳಗಿನ ಲೈಟ್ ಆಫ್ ಮಾಡಿ ತಲೆ ಎತ್ತಿ ನೋಡಿದ್ರೆ ಬಿರುಕು, ಜಾರಿದ ಹಂಚು ಎಲ್ಲಾ ಬೆಳಕಿನ ಗೆರೆ ಥರ ಕಾಣುತ್ತೆ. ಡೌಟ್ ಇದ್ರೆ ಬೆರಳಲ್ಲಿ ತಟ್ಟಿ, ಸರಿ ಇರೋದು ಟಣ್ ಅನ್ನುತ್ತೆ, ಬಿರುಕು ಬಿಟ್ಟಿದ್ದು ಬೊದ್ ಅಂತ ಮಂಕಾಗಿ ಕೇಳುತ್ತೆ.

ಬದಲಾಯಿಸೋದು ಕಷ್ಟ ಇಲ್ಲ. ಮೇಲಿನ ಸಾಲಿನ ಹಂಚನ್ನ ಸ್ವಲ್ಪ ಎತ್ತಿ ಹಿಡಿದು ಒಡೆದಿದ್ದನ್ನ ತೆಗೆದು ಹೊಸದನ್ನ ತೂರಿಸಿ, ಅದರ ಅಡಿಯಲ್ಲಿ ಚಾಚಿರೋ ಮೂಗು ರೀಪಿಗೆ (ಪಕಾಸಿನ ಮೇಲೆ ಅಡ್ಡಕ್ಕೆ ಹೊಡೆದಿರೋ ಮರದ ಪಟ್ಟಿ) ಸಿಕ್ಕಿಕೊಳ್ಳೋವರೆಗೂ ಕೆಳಗೆ ಎಳೀರಿ. ಆದ್ರೆ ಹಂಚಿನ ಅಳತೆ ಒಂದೊಂದು ಕಂಪನಿದು ಒಂದೊಂದು ಥರ, ಹಳೇ ಹಂಚಿನ ತುಂಡು ತಗೊಂಡು ಹೋಗಿ ಹೋಲಿಸಿ ತನ್ನಿ, ನಾನು ಕಣ್ಣಂದಾಜಲ್ಲಿ ತಂದು ಒಂದೂ ಕೂರದೆ ವಾಪಸ್ ಹೊತ್ತಿದ್ದೀನಿ!

ಬಿರುಕಿಗೆ ಸಿಮೆಂಟ್ ಮೆತ್ತೋದು ಮಾತ್ರ ಬೇಡ, ಬಿಸಿಲಿಗೆ ಬಿಟ್ಟುಕೊಳ್ಳುತ್ತೆ, ಮೇಲಾಗಿ ಪಕ್ಕದ ಹಂಚಿಗೂ ಅಂಟಿಕೊಂಡ್ರೆ ಮುಂದೆ ಒಂದು ತೆಗೆಯೋಕೆ ಹೋಗಿ ನಾಲ್ಕು ಒಡೀತೀರ.

ಮಳೆಗಾಲಕ್ಕೆ ಮುಂಚೆ ಹಂಚಿನ ಮೇಲಿರೋ ನೀರು ಹರಿಯೋ ಕಾಲುವೆಯಲ್ಲಿ ಕೂತ ಎಲೆ, ಪಾಚಿ ಒಣ ಬ್ರಶ್ಶಲ್ಲಿ ಕೆರೆದು ತೆಗೀರಿ. ಹಂಚು ಒದ್ದೆ ಇದ್ದಾಗ ಹತ್ತಲೇಬೇಡಿ, ಒಣಗಿದ್ರೂ ನಡುವೆ ಕಾಲಿಡದೆ ಎರಡು ಹಂಚು ಒಂದರ ಮೇಲೊಂದು ಕೂತಿರೋ ಜಾಗದಲ್ಲೇ ಇಡಿ, ಅಲ್ಲಿ ಕೆಳಗೆ ರೀಪು ಇರುತ್ತೆ. ಹತ್ತೋಕ್ಕಿಂತ ಮುಂಚೆ ರೀಪಿಗೆ ಗೆದ್ದಲು ಹಿಡಿದಿದೆಯಾ ಅಂತ ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡಿ.