ಹೀಟ್ ಪಂಪ್ ಯಾವ ಖಾತೆಗೆ? ವಿಭಾಗವಾರು ಲೆಕ್ಕ ಕಟ್ಟಿದ ನನ್ನ ಅನುಭವ

ಹಾಸನದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಹಾಲಿನ ಸೊಸೈಟಿಗಳಿಗೆ ಬಲ್ಕ್ ಮಿಲ್ಕ್ ಕೂಲರ್, ತರಕಾರಿ ಇಡೋಕೆ ಕೋಲ್ಡ್ ರೂಮ್, ಮನೆ ಮತ್ತು ಹೋಮ್‌ಸ್ಟೇಗಳಿಗೆ ಸೋಲಾರ್ ವಾಟರ್ ಹೀಟರ್, ಹೀಟ್ ಪಂಪ್, ಸಕಲೇಶಪುರ ಮೂಡಿಗೆರೆ ಕಡೆಯ ತೋಟದವರಿಗೆ ಕಾಫಿ ಡ್ರೈಯರ್. ಇಷ್ಟೂ ಒಂದೇ ಶೆಡ್ಡಿನಲ್ಲಿ ತಯಾರಾಗುತ್ತವೆ. ವರ್ಷದ ಕೊನೆಗೆ ಲಾಭವೇನೋ ಬರುತ್ತಿತ್ತು. ಯಾವುದರಿಂದ ಬಂತು ಅಂತ ಕೇಳಿದರೆ ಯಜಮಾನರು ಒಂದು ಹೇಳುತ್ತಿದ್ದರು, ಪ್ರೊಡಕ್ಷನ್ ಮ್ಯಾನೇಜರ್ ಇನ್ನೊಂದು.

ಕಾನೂನು ನಮ್ಮಿಂದ ಈ ಲೆಕ್ಕ ಕೇಳುವುದಿಲ್ಲ. ಷೇರುಪೇಟೆಯಲ್ಲಿರುವ ಕಂಪನಿಗಳು ಮೂರು ತಿಂಗಳಿಗೊಮ್ಮೆ ಫಲಿತಾಂಶದ ಜೊತೆ ಸೆಗ್ಮೆಂಟ್ ವಿವರ, ಅಂದರೆ ಯಾವ ವಿಭಾಗದಿಂದ ಎಷ್ಟು ಬಂತು ಅನ್ನುವ ಲೆಕ್ಕ, ಕೊಡಲೇಬೇಕು. ನಮ್ಮದು ಸಣ್ಣ ಪ್ರೈವೇಟ್ ಲಿಮಿಟೆಡ್, ವಿಭಾಗವಾರು ಲೆಕ್ಕದ ಮಾನದಂಡವಾದ ಎಎಸ್ 17ರಿಂದ (ಅಕೌಂಟಿಂಗ್ ಸ್ಟ್ಯಾಂಡರ್ಡ್ 17) ವಿನಾಯಿತಿ ಇದೆ. ಆದರೆ ಸಾಲದ ಮಿತಿ ಏರಿಸಲು ಹೋದಾಗ ಬ್ಯಾಂಕಿನವರು "ಡ್ರೈಯರ್‌ನಲ್ಲಿ ಏನು ಉಳಿಯುತ್ತೆ?" ಅಂತ ಕೇಳಿದರು. ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಮಾಡೋದೇ ಆದರೆ ದೊಡ್ಡವರು ಮಾಡುವ ರೀತಿಯಲ್ಲೇ ಮಾಡೋಣ ಅಂತ ದೊಡ್ಡ ಕಂಪನಿಗಳ ವಿಭಾಗವಾರು ಲೆಕ್ಕದ ಮಾನದಂಡ ಇಂಡ್ ಎಎಸ್ 108 ತೆಗೆದುಕೊಂಡೆ. ಹಳೆಯ ಎಎಸ್ 17 ಅಪಾಯ ಮತ್ತು ಪ್ರತಿಫಲ ನೋಡಿ ವಿಭಾಗ ಮಾಡು ಅನ್ನುತ್ತದೆ. 108 ಹೇಳುವುದು ಬೇರೆ. ಕಂಪನಿಯಲ್ಲಿ ದುಡ್ಡು ಎಲ್ಲಿ ಹಾಕಬೇಕು ಅಂತ ತೀರ್ಮಾನ ಮಾಡುವವರು ವ್ಯವಹಾರವನ್ನು ಹೇಗೆ ನೋಡುತ್ತಾರೋ ಹಾಗೇ ತೋರಿಸು ಅನ್ನುತ್ತದೆ. ನಮ್ಮಲ್ಲಿ ಅಂಥವರು ಒಬ್ಬರೇ, ಯಜಮಾನರು. ವೋಲ್ಟಾಸ್, ಬ್ಲೂ ಸ್ಟಾರ್‌ನ ಫಲಿತಾಂಶದ ಹಾಳೆಗಳನ್ನೂ ತೆಗೆದು ನೋಡಿದೆ. ಇಬ್ಬರದೂ ತಂಪಿನ ವ್ಯಾಪಾರವೇ. ಆದರೂ ಮನೆಗೆ ಮಾರುವ ಎಸಿ ಒಂದು ಕಡೆ, ಕಟ್ಟಡಗಳ ಪ್ರಾಜೆಕ್ಟ್ ಕೆಲಸ ಇನ್ನೊಂದು ಕಡೆ ಇಟ್ಟಿದ್ದಾರೆ.

ಮೊದಲ ಜಗಳ ಹೀಟ್ ಪಂಪ್ ಮೇಲೆ. ಒಳಗಿರುವುದು ಕೂಲರ್‌ನದೇ ಸಾಮಾನು: ಕಂಪ್ರೆಸರ್, ತಾಮ್ರದ ಪೈಪ್, ಗ್ಯಾಸ್. ಕೂಲರ್ ಹಾಲಿನ ಬಿಸಿಯನ್ನು ಎಳೆದು ಹೊರಗೆ ಬಿಡುತ್ತದೆ, ಇದು ಹೊರಗಿನ ಗಾಳಿಯ ಬಿಸಿಯನ್ನು ಎಳೆದು ನೀರಿಗೆ ಕೊಡುತ್ತದೆ. ಹಾಗಾಗಿ ಸ್ಟೋರ್ಸ್‌ನವರು ಕಂಪ್ರೆಸರ್ ಬಂದರೆ ಸಾಕು, ಎಲ್ಲವನ್ನೂ ಕೂಲಿಂಗ್‌ಗೆ ಬರೆದುಬಿಡುತ್ತಿದ್ದರು. ಮಾರುವುದು ಮಾತ್ರ ಸೋಲಾರ್ ಡೀಲರ್‌ಗಳು. ಮಳೆಗಾಲದಲ್ಲಿ ಮಲೆನಾಡಿನ ಹೋಮ್‌ಸ್ಟೇಗಳಿಗೆ ಬಿಸಿಲು ಎಲ್ಲಿಂದ ಬರಬೇಕು? ಸೋಲಾರ್ ಜೊತೆಗೇ ಹೀಟ್ ಪಂಪ್ ಹೋಗುತ್ತದೆ. ಯಜಮಾನರೂ ಡೀಲರ್ ಮೀಟಿಂಗ್‌ನಲ್ಲಿ ಎರಡನ್ನೂ ಸೇರಿಸಿಯೇ ಕೇಳುತ್ತಾರೆ. ಹಾಗಾಗಿ ಹೀಟ್ ಪಂಪನ್ನು ಹೀಟಿಂಗ್‌ಗೆ ಹಾಕಿದೆ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಕೂಲಿಂಗ್, ಹೀಟಿಂಗ್, ಡ್ರೈಯರ್, ಸರ್ವಿಸ್ ಅಂತ ನಾಲ್ಕು ಕಾಸ್ಟ್ ಸೆಂಟರ್ (ಖರ್ಚು ಬೇರೆ ಬೇರೆ ಬರೆಯುವ ಖಾನೆ) ಮಾಡಿ, ಸಾಮಾನು ಕೊಳ್ಳುವಾಗ ಅಲ್ಲ, ಸ್ಟೋರ್ಸ್‌ನಿಂದ ಹೊರಗೆ ಹೋಗುವಾಗ ಯಾವ ಜಾಬ್‌ಗೆ ಅಂತ ಬರೆಸಿದೆ.

ನಿಜವಾದ ಕಣ್ಣು ತೆರೆಸಿದ್ದು ಸರ್ವಿಸ್, ಅಂದರೆ ಮಾರಿದ ಸಾಮಾನಿನ ರಿಪೇರಿ ನೋಡುವ ವಿಭಾಗ. ಅದು ನಷ್ಟದಲ್ಲಿದೆ, ಹೊರಗಿನ ಗುತ್ತಿಗೆದಾರರಿಗೆ ಕೊಟ್ಟುಬಿಡೋಣ ಅನ್ನುವ ಮಾತು ನಡೆದಿತ್ತು. ಸರ್ವಿಸ್ ಹುಡುಗರ ಜಾಬ್ ಕಾರ್ಡ್‌ಗಳನ್ನು (ಪ್ರತಿ ರಿಪೇರಿಗೆ ಬರೆಯುವ ಚೀಟಿ) ತರಿಸಿ ನೋಡಿದೆ. ಅರಕಲಗೂಡು ಕಡೆ ಸೊಸೈಟಿಯಲ್ಲಿ ಗ್ಯಾಸ್ ಲೀಕ್, ವಾರಂಟಿ, ಬಿಲ್ ಇಲ್ಲ. ಬೇಲೂರಿನಲ್ಲಿ ಕಂಟ್ರೋಲ್ ಪ್ಯಾನಲ್ ಕೆಟ್ಟಿದೆ, ವಾರಂಟಿ, ಬಿಲ್ ಇಲ್ಲ. ಕೂಲರ್ ಮಾರಿದ ಲಾಭ ಕೂಲಿಂಗ್‌ಗೆ, ಅದನ್ನು ರಿಪೇರಿ ಮಾಡಿದ ಡೀಸೆಲ್ಲು, ಸಂಬಳ ಎಲ್ಲ ಸರ್ವಿಸ್‌ಗೆ. ಅನ್ಯಾಯ ಅಲ್ವಾ? ವಾರಂಟಿ ಭೇಟಿಗೆ ಒಂದು ದರ ಕಟ್ಟಿ, ಆ ಸಾಮಾನು ಮಾರಿದ ವಿಭಾಗಕ್ಕೆ ಒಳಬಿಲ್ ಹಾಕಿದೆ. ದರ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಗಿರಾಕಿಗೆ ಹಾಕುವಷ್ಟೇ. ಸರ್ವಿಸ್ ಲಾಭಕ್ಕೆ ಬಂತು, ಕೂಲಿಂಗ್ ಸ್ವಲ್ಪ ಇಳಿಯಿತು. ಕೂಲಿಂಗ್ ನೋಡುವವರು ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಡ್ರೈಯರ್. ಯಜಮಾನರಿಗೆ ಅದನ್ನು 'ಇತರೆ' ಅಂತ ಸೇರಿಸಿಬಿಡುವ ಆಸೆ. ಗುರುತು ಸಿಗದ ಹಾಗೆ ಅಂಕಿ ಬದಲಿಸಿ ಹೇಳುತ್ತೇನೆ. ಹೊರಗಿನ ಮಾರಾಟ ಕೂಲಿಂಗ್ 24 ಕೋಟಿ, ಹೀಟಿಂಗ್ 11, ಡ್ರೈಯರ್ 3, ಸರ್ವಿಸ್ 2. ಸರ್ವಿಸ್‌ನ ಒಳಬಿಲ್ 1 ಕೋಟಿ. ಒಟ್ಟು 41. 108ರ ಮೊದಲ ಪರೀಕ್ಷೆ ಮಾರಾಟದ್ದು: ಈ ಒಟ್ಟಿನ ಶೇ. 10 ಮುಟ್ಟಿದ ವಿಭಾಗವನ್ನು ಬೇರೆಯಾಗಿ ತೋರಿಸಬೇಕು, ಅಂದರೆ 4.1 ಕೋಟಿ. ಡ್ರೈಯರ್ ಅದಕ್ಕಿಂತ ಕೆಳಗೆ, ಪಾರಾಯಿತು ಅಂದುಕೊಂಡರು. ಆದರೆ ಪರೀಕ್ಷೆ ಮೂರಿವೆ, ಒಂದರಲ್ಲಿ ಸಿಕ್ಕಿದರೂ ಬೇರೆಯಾಗಿ ತೋರಿಸಬೇಕು. ಎರಡನೆಯದು ಲಾಭನಷ್ಟದ್ದು. ಲಾಭ ಮಾಡಿದ ವಿಭಾಗಗಳೆಲ್ಲದರ ಮೊತ್ತ: 2.2, 0.9, 0.4, ಸೇರಿ 3.5 ಕೋಟಿ. ನಷ್ಟದವರ ಮೊತ್ತ ಡ್ರೈಯರ್‌ನ 50 ಲಕ್ಷ ಮಾತ್ರ. ಎರಡರಲ್ಲಿ ದೊಡ್ಡದರ ಶೇ. 10, ಅಂದರೆ 35 ಲಕ್ಷ. ಡ್ರೈಯರ್‌ನ ನಷ್ಟ ಅದನ್ನು ದಾಟುತ್ತದೆ. ಮಾರಾಟ ಚಿಕ್ಕದು ಅಂತ ಬಚ್ಚಿಡಲು ಹೋದರೆ ನಷ್ಟವೇ ಎಳೆದು ತಂದು ನಿಲ್ಲಿಸುತ್ತದೆ. ಮೂರನೆಯದು ಆಸ್ತಿಯ ಪರೀಕ್ಷೆ, ಅದರ ಅಗತ್ಯವೇ ಬೀಳಲಿಲ್ಲ.

ನಷ್ಟ ಯಾಕೆ? ಡ್ರೈಯರ್ ಜೋಡಿಸುವ ಜಾಗ ಶೆಡ್ಡಿನ ಒಂದು ಮೂಲೆ ಪೂರ್ತಿ ಹಿಡಿದಿದೆ. ಶೆಡ್ ಬಾಡಿಗೆಯನ್ನು ನಾನು ಚದರಡಿ ಲೆಕ್ಕದಲ್ಲಿ ಹಂಚಿದ್ದೆ. ಪ್ರೊಡಕ್ಷನ್ ಮ್ಯಾನೇಜರ್ ತಕರಾರು ತೆಗೆದರು: "ಮೇಡಂ, ಮಳೆಗಾಲದಲ್ಲಿ ಅಲ್ಲಿ ಏನೂ ಕೆಲಸ ಇರಲ್ಲ, ಬಾಡಿಗೆ ಯಾಕೆ ಹಾಕ್ತೀರಿ?" ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ, ಆಮೇಲೆ ರೊಬಸ್ಟಾ. ಮಾರಾಟ ಆ ನಾಲ್ಕು ತಿಂಗಳ ಸುತ್ತಮುತ್ತವೇ. ಆದರೆ ಅರ್ಧ ಜೋಡಿಸಿದ ಡ್ರಮ್, ತಗಡು ವರ್ಷವಿಡೀ ಅಲ್ಲೇ ಕೂತಿರುತ್ತಲ್ಲ, ಬೇರೆಯವರಿಗೆ ಜಾಗ ಸಿಗಲ್ಲವಲ್ಲ ಅಂದೆ. ಮಾರಾಟದ ಮೇಲೆ ಹಂಚಿದ್ದರೆ ಡ್ರೈಯರ್ ಚಂದ ಕಾಣುತ್ತಿತ್ತು, ಸುಳ್ಳೂ ಆಗುತ್ತಿತ್ತು.

ಎಲ್ಲವನ್ನೂ ಹಂಚಲೇಬೇಕು ಅಂತಿಲ್ಲ. ಬ್ಯಾಂಕ್ ಬಡ್ಡಿ, ಡೈರೆಕ್ಟರ್ ಸಂಬಳ, ಆಡಿಟ್ ಫೀಸ್ ಎಲ್ಲ ಸೇರಿ 1.3 ಕೋಟಿ. ಅದನ್ನು ಹಂಚದ ಖರ್ಚು ಅಂತ ಕೆಳಗೆ ಇಟ್ಟೆ. ವಿಭಾಗಗಳ ಮೊತ್ತ 3 ಕೋಟಿಯಲ್ಲಿ ಅದನ್ನು ಕಳೆದರೆ 1.7 ಕೋಟಿ, ಲಾಭನಷ್ಟ ಪಟ್ಟಿಯ ತೆರಿಗೆ ಮುಂಚಿನ ಲಾಭಕ್ಕೆ ಸರಿಯಾಗಿ ತಾಳೆ. ಮಾರಾಟದಲ್ಲಿ ಒಳಬಿಲ್ 1 ಕೋಟಿ ಕಳೆದರೆ 40. ಈ ತಾಳೆ ಕೂರದ ಹಾಳೆಯನ್ನು ಯಾರೂ ನಂಬಬಾರದು. ಶೇ. 10ಕ್ಕಿಂತ ಜಾಸ್ತಿ ಮಾಲು ಕೊಳ್ಳುವ ಒಂದು ಹಾಲು ಒಕ್ಕೂಟ ಇದೆ. ಅದನ್ನೂ ಬರೆದೆ. ಹೆಸರು ಹಾಕಬೇಕಿಲ್ಲ, ಮೊತ್ತ ಮತ್ತು ವಿಭಾಗ ಸಾಕು.

ಡ್ರೈಯರನ್ನು ಯಜಮಾನರು ನಿಲ್ಲಿಸಲಿಲ್ಲ. ಅಡ್ವಾನ್ಸ್ ಬಂದ ಮೇಲೇ ತಗಡು ಕತ್ತರಿಸಿ ಅಂದರು, ಮಳೆಗಾಲಕ್ಕೆ ಆ ಮೂಲೆಯನ್ನು ಹೀಟ್ ಪಂಪ್‌ಗೆ ಬಿಟ್ಟರು. ಈಗ ಹೀಟ್ ಪಂಪನ್ನೇ ಬೇರೆ ವಿಭಾಗ ಮಾಡಿ ಅಂತಿದ್ದಾರೆ. ಹಾಗೆ ಮಾಡಿದರೆ ಹಿಂದಿನ ವರ್ಷದ ಅಂಕಿಯನ್ನೂ ಅದೇ ರೀತಿ ಒಡೆದು ಪಕ್ಕದಲ್ಲಿ ಇಡಬೇಕಾಗುತ್ತದೆ. ಅದಕ್ಕೇ ಹಳೆಯ ಡೀಲರ್ ಬಿಲ್‌ಗಳಲ್ಲಿ ಸೋಲಾರ್ ಯಾವುದು, ಪಂಪ್ ಯಾವುದು ಅಂತ ಹುಡುಗರ ಕೈಲಿ ಈಗಲೇ ಗುರುತು ಹಾಕಿಸುತ್ತಿದ್ದೇನೆ.