ಓವರ್‌ಸ್ಪೀಡ್ ಚಲನ್: ಕಟ್ಟುವ ಮೊದಲು ಫೋಟೊ ನೋಡಿ

ಓವರ್‌ಸ್ಪೀಡ್ ಚಲನ್ ಬಂತೆಂದರೆ ನಮ್ಮ ಕಡೆ ಎರಡು ಬಗೆಯ ಸಲಹೆ ಸಿಗುತ್ತದೆ. "ಸಾವಿರದ ಐನೂರಲ್ವಾ, ಕಟ್ಟಿಬಿಡಿ, ಯಾಕೆ ತಲೆಬಿಸಿ" ಅನ್ನುವವರು ಕೆಲವರು. "ಕಟ್ಟಲೇಬೇಡಿ, ಏನು ಮಾಡ್ತಾರೆ ನೋಡುವ" ಅನ್ನುವವರು ಇನ್ನು ಕೆಲವರು. ನನಗೆ ಎರಡೂ ಒಪ್ಪಿಗೆಯಿಲ್ಲ. ಚಲನಿನ ಜೊತೆ ಒಂದು ಫೋಟೊ ಇರುತ್ತದೆ. ಅದನ್ನು ಸರಿಯಾಗಿ ನೋಡದೆ ಕಟ್ಟುವುದೂ ತಪ್ಪು, ಜಗಳಕ್ಕೆ ಹೋಗುವುದೂ ತಪ್ಪು.

ನನ್ನದು ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಕುಂಬಳೆ, ಉಪ್ಪಳದ ಅಂಗಡಿಗಳಿಗೆ ಹಪ್ಪಳ, ಉಪ್ಪಿನಕಾಯಿ ಹಾಕುವ ಲೈನ್ ಸೇಲ್ ಕೆಲಸ. ಗಾಡಿ ಬಿಳಿ ಈಕೊ ವ್ಯಾನ್. 2024ರ ಮಳೆಗಾಲದಲ್ಲಿ ಮೊಬೈಲಿಗೆ ಮೆಸೇಜ್ ಬಂತು: ತೆಂಕಣ ಕೇರಳದ ಒಂದು ಹೆದ್ದಾರಿಯಲ್ಲಿ ನನ್ನ ಗಾಡಿ ಮಿತಿಮೀರಿ ಓಡಿದೆ, ದಂಡ 1500 ರೂಪಾಯಿ. ಆ ಜಿಲ್ಲೆಗೆ ನನ್ನ ಗಾಡಿ ಹೋದದ್ದೇ ಇಲ್ಲ.

ಮೆಸೇಜಿನಲ್ಲಿದ್ದ ಲಿಂಕ್ ನಾನು ಒತ್ತಲಿಲ್ಲ. ಚಲನ್ ಹೆಸರಿನಲ್ಲಿ ವಾಟ್ಸಾಪ್‌ಗೆ ಆ್ಯಪ್ ಫೈಲ್ ಕಳಿಸಿ ಬ್ಯಾಂಕಿನ ದುಡ್ಡು ಎಗರಿಸುವ ದಂಧೆ ಕೇರಳದಲ್ಲಿ ಬೇಕಾದಷ್ಟು ನಡೆದಿದೆ. ಸರಕಾರದ್ದೇ ಆದ ಪರಿವಾಹನ್ ಇ-ಚಲನ್ ಜಾಲತಾಣವನ್ನು ನಾನೇ ತೆರೆದು, ಗಾಡಿ ನಂಬರ್ ಮತ್ತು ಚಾಸಿಸ್ ನಂಬರಿನ ಕೊನೆಯ ಐದು ಅಕ್ಷರ ಹಾಕಿ ನೋಡಿದೆ. ಚಲನ್ ಅಸಲಿಯೇ ಆಗಿತ್ತು.

ಫೋಟೊವನ್ನು ಮೊಬೈಲಿನಲ್ಲಿ ನೋಡಿದಾಗ ನನ್ನದೇ ಗಾಡಿ ಅನ್ನಿಸುವಂತಿತ್ತು. ಬಿಳಿ ಈಕೊ ಎಲ್ಲವೂ ಒಂದೇ ಥರ ತಾನೆ. ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ವಿಷಯ ತಿಳಿಯಿತು. ನನ್ನ ನಂಬರ್ ಶುರುವಾಗುವುದು 8ರಿಂದ. ಫೋಟೊದಲ್ಲಿದ್ದದ್ದು 3. ಆ ಮೂರರ ತೆರೆದ ಬದಿಗೆ ಸರಿಯಾಗಿ ಪ್ಲೇಟಿನ ಕಪ್ಪು ಸ್ಕ್ರೂ ಕೂತಿತ್ತು. ದೂರದಿಂದ ನೋಡಿದರೆ ಎಂಟೇ. ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. 2019ರ ಏಪ್ರಿಲ್ 1ರ ನಂತರ ತಯಾರಾದ ಗಾಡಿಗಳಿಗೆ ಎಡಬದಿಯಲ್ಲಿ ಹೊಳೆಯುವ ಹೊಲೋಗ್ರಾಮ್ ಇರುವ ಹೈ ಸೆಕ್ಯುರಿಟಿ ಪ್ಲೇಟೇ ಬರುತ್ತದೆ. ನನ್ನದರಲ್ಲಿ ಅದಿದೆ. ಫೋಟೊದ ಗಾಡಿ ಅದೇ ಸೀರೀಸಿನಲ್ಲಿ ಮುಂಚೆ ರಿಜಿಸ್ಟರ್ ಆದದ್ದಿರಬೇಕು, ಅದರದ್ದು ಹಳೆ ಮಾದರಿಯ ಪ್ಲೇಟು. ಸಾಲದ್ದಕ್ಕೆ ನನ್ನ ಗಾಡಿಯ ಮೇಲೆ ಹಪ್ಪಳದ ಪೆಟ್ಟಿಗೆ ಕಟ್ಟುವ ಕ್ಯಾರಿಯರ್ ಇದೆ, ಅದಕ್ಕೆ ಇರಲಿಲ್ಲ.

ಇಷ್ಟಾದ ಮೇಲೂ ಮನೆಯಲ್ಲಿ ಕಟ್ಟಿಬಿಡುವ ಮಾತೇ ಬಂತು. ಓಡಾಟದ ಖರ್ಚೇ ಅದಕ್ಕಿಂತ ಹೆಚ್ಚಾದೀತು ಎಂಬ ಲೆಕ್ಕ. ನಾನು ಒಪ್ಪಲಿಲ್ಲ. ದಂಡ ಕಟ್ಟುವುದೆಂದರೆ ತಪ್ಪು ಒಪ್ಪಿಕೊಂಡಂತೆ. ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನಲ್ಲಿ ವೇಗದ ತಪ್ಪು ಎರಡನೇ ಸಲ ಆದರೆ ಡ್ರೈವಿಂಗ್ ಲೈಸೆನ್ಸೇ ವಶಕ್ಕೆ ಹೋಗುತ್ತದೆ ಅಂತ ಇದೆ. ನನ್ನ ಹೊಟ್ಟೆಪಾಡು ಆ ಲೈಸೆನ್ಸಿನ ಮೇಲೆ ನಿಂತಿದೆ. ಮಾಡದ ತಪ್ಪನ್ನು ಮೊದಲನೆಯದೆಂದು ಬರೆಸಿಕೊಳ್ಳಲು ನಾನು ತಯಾರಿರಲಿಲ್ಲ.

ಕ್ಯಾಮರಾ ಚಲನಿನಲ್ಲಿ ಏನೇನಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮದ 167ಎ ಹೇಳುತ್ತದೆ. ಈ ನಿಯಮ 2021ರಲ್ಲಿ ಸೇರಿದ್ದು. ತಪ್ಪನ್ನೂ ನಂಬರ್ ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಫೋಟೊ, ಉಪಕರಣ ಅಳೆದ ವೇಗ, ದಿನ, ಹೊತ್ತು, ಜಾಗ, ಯಾವ ಕಲಮು ಎಂಬ ವಿವರ, ಅಧಿಕಾರಿ ಸಹಿಯ ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರ, ಇಷ್ಟೂ ಬೇಕು. ಆಗಿನ ನಿಯಮದಂತೆ ತಪ್ಪು ನಡೆದು 15 ದಿನದೊಳಗೆ ನೋಟಿಸ್ ಕೊಡಬೇಕಿತ್ತು. ಕ್ಯಾಮರಾಕ್ಕೂ ಮಂಜೂರಾತಿ ಪತ್ರ ಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ಕ್ಯಾಮರಾದ ಸರ್ಟಿಫಿಕೇಟ್ ಕೆದಕುವ ವಾದ ವಕೀಲರನ್ನಿಟ್ಟು ಕೋರ್ಟಿನಲ್ಲಿ ಮಾಡುವಂಥದ್ದು. ಗಾಡಿಯೇ ಬೇರೆ ಅಂತಾದರೆ ಒಂದು ಅರ್ಜಿ ಸಾಕು, ಆ ಹಾದಿಯೇ ಮೊದಲು ಹಿಡಿಯಬೇಕು ಅಂತ ನನ್ನ ಅಭಿಪ್ರಾಯ.

ಹೊತ್ತು ಕಳೆಯುವಂತಿಲ್ಲ. ಕೇರಳದಲ್ಲಿ ತಪ್ಪನ್ನು ತಾನೇ ಗುರುತಿಸುವ ಎಐ ಕ್ಯಾಮರಾದ ದಂಡ 2023ರ ಜೂನ್ 5ರಂದು ಶುರುವಾದಾಗಲೇ, ನೋಟಿಸ್ ಸಿಕ್ಕಿ 14 ದಿನದೊಳಗೆ ಆಯಾ ಜಿಲ್ಲೆಯ ಎನ್‌ಫೋರ್ಸ್‌ಮೆಂಟ್ ಆರ್‌ಟಿಒಗೆ (ರಸ್ತೆ ನಿಯಮದ ಜಾರಿ ನೋಡುವ ಸಾರಿಗೆ ಅಧಿಕಾರಿಗೆ) ಆಕ್ಷೇಪ ಕೊಡಬಹುದೆಂದು ತಿಳಿಸಿದ್ದರು. ನಾನು ಅದೇ ಅವಧಿಯನ್ನು ಹಿಡಿದೆ.

ಪುರಾವೆ ಜೋಡಿಸುವುದು ಕಷ್ಟವಾಗಲಿಲ್ಲ. ಚಲನಿನಲ್ಲಿದ್ದ ಹೊತ್ತಿಗೆ ನಾನು ನಮ್ಮ ಕಡೆಯದೇ ಸೀತಾಂಗೋಳಿಯಲ್ಲಿ ಮಾಲು ಇಳಿಸುತ್ತಿದ್ದೆ. ಆ ದಿನದ ಬಿಲ್ ಬುಕ್ಕಿನ ಕಾರ್ಬನ್ ಪ್ರತಿ ಇತ್ತು. ಅಂಗಡಿಯವರು ಗೂಗಲ್ ಪೇ ಮಾಡಿದ ಹೊತ್ತು ನಿಮಿಷ ಸಮೇತ ಸಿಕ್ಕಿತು. ಅಂಗಡಿಯ ಸಿಸಿಟಿವಿಯಲ್ಲಿ ಗಾಡಿ ನಿಂತ ದೃಶ್ಯವೂ ಇತ್ತು. ಸಿಸಿಟಿವಿಯಲ್ಲಿ ಹಳೆಯದು ತಾನೇ ಅಳಿಸಿಹೋಗುತ್ತದೆ, ಆದ್ದರಿಂದ ಅದನ್ನೇ ಮೊದಲು ಕೇಳಿ ಪಡೆದೆ. ಜೊತೆಗೆ ಗಾಡಿಯ ಮುಂದೆ, ಹಿಂದೆ, ಬದಿಯಿಂದ ತೆಗೆದ ಫೋಟೊ, ಆರ್‌ಸಿ ಪ್ರತಿ.

ಅರ್ಜಿಯ ಭಾಷೆಯ ಬಗ್ಗೆ ನಮ್ಮವರು ಅಳುಕುತ್ತಾರೆ, ಅದಕ್ಕೆ ಈ ಮಾತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್‌ಗೆ, ಇಲಾಖಾ ಮುಖ್ಯಸ್ಥರಿಗೆ, ಅಲ್ಪಸಂಖ್ಯಾತ ಪ್ರದೇಶವೆಂದು ಸರಕಾರ ಸಾರಿದ ಕಡೆಯ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಇಲ್ಲಿಯದೇ ಚಲನ್ ಆಗಿದ್ದರೆ ನಾನು ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಬರೆಯುತ್ತಿರಲಿಲ್ಲ. ಇದು ಹೊರ ಜಿಲ್ಲೆಯದಾದ್ದರಿಂದ ಕನ್ನಡದಲ್ಲಿ ಬರೆದು, ನೆರೆಮನೆಯ ಟೀಚರಿಂದ ಮಲಯಾಳ ಮಾಡಿಸಿ ಎರಡನ್ನೂ ಇಟ್ಟೆ. ಒಂದೇ ಪುಟ. ಕ್ಯಾಮರಾ ಬಗ್ಗೆ, ಸರಕಾರದ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಫೋಟೊದಲ್ಲಿರುವ ನಂಬರ್ ಇದು, ನನ್ನದು ಇದು, ಆ ಹೊತ್ತಿಗೆ ನನ್ನ ಗಾಡಿ ಇಲ್ಲಿತ್ತು, ಚಲನ್ ರದ್ದು ಮಾಡಬೇಕು, ಅಷ್ಟೆ. ಜಾಲತಾಣದ ದೂರಿನ ವಿಭಾಗದಲ್ಲಿ ಹಾಕಿ, ರಿಜಿಸ್ಟರ್ಡ್ ಪೋಸ್ಟಿನಲ್ಲೂ ಕಳಿಸಿದೆ.

ಅರ್ಜಿಗೆ ಉತ್ತರ ಕಾಯುತ್ತಿರುವಾಗಲೇ ಭಾವ ಮನೆಗೆ ಬಂದ, ಅವನ ಬೈಕಿಗೂ ಒಂದು ಚಲನ್. "ಭಾವಾ, ಇದರ ಕಟ್ಟೆಕ್ಕೋ, ಕೋರ್ಟಿಂಗೆ ಹೋಯೆಕ್ಕೋ?" ಅಂತ ಕೇಳಿದ. ಕಟ್ಟಬೇಕೋ, ಕೋರ್ಟಿಗೆ ಹೋಗಬೇಕೋ ಎಂಬುದು ಅವನ ಪ್ರಶ್ನೆ. ಫೋಟೊ ತೆರೆದೆ. ನಂಬರ್ ಕನ್ನಡಿಯಲ್ಲಿ ನೋಡಿದಷ್ಟು ಸ್ಪಷ್ಟ, ಅವನದೇ ಮುಖ, ವೇಗ ಎಪ್ಪತ್ತರ ಹತ್ತಿರ. ಬೈಕಿಗೆ 70ರ ವರೆಗೆ ಬಿಡುತ್ತಾರೆ ಎಂಬುದು ಅವನ ನಂಬಿಕೆ. 2023ರ ಜುಲೈ 1ರಿಂದ ಕೇರಳದಲ್ಲಿ ಕಾರುಗಳ ಮಿತಿ ಏರಿಸಿದಾಗ ದ್ವಿಚಕ್ರ ವಾಹನದ ಮಿತಿಯನ್ನು 70ರಿಂದ 60ಕ್ಕೆ ಇಳಿಸಿದ್ದರು. ಅಪಘಾತಗಳಲ್ಲಿ ಹೆಚ್ಚಿನವು ಬೈಕು, ಸ್ಕೂಟರುಗಳದ್ದೇ ಎಂಬುದು ಸರಕಾರ ಕೊಟ್ಟ ಕಾರಣ. ಇವತ್ತೇ ಕಟ್ಟು ಅಂದೆ. ಮಂಗಳೂರಿನಲ್ಲಿ ಅರ್ಧ ರಿಯಾಯಿತಿ ಕೊಟ್ಟಿದ್ದಾರಲ್ಲ, ಕಾಯುವ ಅಂದ. 2023ರ ಫೆಬ್ರವರಿಯ ಆ ರಿಯಾಯಿತಿ ಕರ್ನಾಟಕದ ಚಲನುಗಳಿಗೆ, ಗಡಿಯ ತಲಪಾಡಿಯಿಂದ ಈಚೆಗೆ ಅದು ನಡೆಯದು. ಆಗ ಕಟ್ಟದೆ ಬಿಟ್ಟರೆ ಕೇಸು ಆನ್‌ಲೈನಿನಲ್ಲೇ ನಡೆಯುವ ವರ್ಚುವಲ್ ಕೋರ್ಟಿಗೆ ಹೋಗುತ್ತಿತ್ತು. ಅಲ್ಲಿ ದಂಡ ಕಟ್ಟುತ್ತೇನೆ ಅನ್ನಬಹುದಿತ್ತು, ಇಲ್ಲ ಕೇಸು ನಡೆಸುತ್ತೇನೆ ಅನ್ನಬಹುದಿತ್ತು. ನಡೆಸುತ್ತೇನೆ ಅಂದರೆ ಮಾಮೂಲಿ ಕೋರ್ಟಿಗೆ ಹೋಗಿ ನಿಲ್ಲಬೇಕಿತ್ತು. ಆ ಫೋಟೊ ಇಟ್ಟುಕೊಂಡು ಅಲ್ಲಿ ಅವನು ಏನು ಹೇಳಿಯಾನು? ನಮ್ಮ ಮನೆಯಲ್ಲಿ ಕೂತೇ ಕಟ್ಟಿದ.

ನನ್ನ ಅರ್ಜಿ ತಿರಸ್ಕಾರವಾದರೆ ಕೋರ್ಟಿಗೆ ಹೋಗಲು ನಾನು ತಯಾರಾಗಿದ್ದೆ. ಅದು ಬೇಕಾಗಲಿಲ್ಲ. ಕಚೇರಿಯಿಂದ ಒಬ್ಬರು ಫೋನ್ ಮಾಡಿ ಪ್ಲೇಟಿನ ಫೋಟೊ ಇನ್ನೊಮ್ಮೆ ಕಳಿಸಲು ಹೇಳಿದರು, ಆಮೇಲೆ ಚಲನ್ ಬಾಕಿ ಪಟ್ಟಿಯಿಂದ ಹೋಯಿತು. ಪಟ್ಟಿ ಖಾಲಿ ಇರುವುದರ ಪ್ರಿಂಟ್ ತೆಗೆಸಿ ಅರ್ಜಿಯ ಪ್ರತಿಯ ಜೊತೆ ಗಾಡಿಯಲ್ಲೇ ಇಟ್ಟಿದ್ದೇನೆ. ಆ ಇನ್ನೊಂದು ಈಕೊ ಅದೇ ಸ್ಕ್ರೂ ಇಟ್ಟುಕೊಂಡು ಇನ್ನೂ ಓಡುತ್ತಿರಬಹುದು, ಆದ್ದರಿಂದ ತಿಂಗಳಿಗೊಮ್ಮೆ ನನ್ನ ನಂಬರ್ ಹಾಕಿ ನೋಡುತ್ತೇನೆ.